ಅತ್ತೆಯ ಅತ್ತರು

ವಿಜಯನಗರದ ನಮ್ಮ ಮನೆಯಲ್ಲಿ ಹೆಂಗಸರು ನಾಲ್ವರು, ಕನ್ನಡಿ ಒಂದು. ಅಜ್ಜಿ, ಅಮ್ಮ, ಅತ್ತೆ, ನಾನು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಅಮ್ಮನ ಕುಂಕುಮದ ಭರಣಿ, ಪೌಡರ್ ಡಬ್ಬಿ, ನನ್ನ ಕಾಡಿಗೆ, ಸ್ಟಿಕ್ಕರ್ ಪ್ಯಾಕೆಟ್ಟು ಇರುತ್ತಿದ್ದವು. ಅತ್ತೆಯದು ಒಂದು ಬಾಚಣಿಗೆ ಮಾತ್ರ. ಅದನ್ನೂ ಅವಳು ಬಾಚಿಕೊಂಡ ಮೇಲೆ ಒರೆಸಿ ತನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಇಪ್ಪತ್ತಕ್ಕೆ ಮದುವೆಯಾಗಿ, ಹದಿನಾಲ್ಕು ತಿಂಗಳಲ್ಲಿ ಗಂಡ ಕಾಮಾಲೆಯಿಂದ ತೀರಿಕೊಂಡು, ಅಣ್ಣನ ಮನೆಗೆ ವಾಪಸ್ಸು ಬಂದವಳು. ಬಂದವಳು ಅಳುತ್ತ ಕೂರಲಿಲ್ಲ, ಟೈಪಿಂಗ್ ಕಲಿತಳು. ನಾನು ಹೇಳುತ್ತಿರುವ ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅವಳಿಗೆ ಮೂವತ್ತೆಂಟು. ಮಾಗಡಿ ರಸ್ತೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಿಗ್ಗೆ ಸಂಜೆ ಪಾಠ ಹೇಳುತ್ತಿದ್ದಳು. ಹುಡುಗರು ಅವಳನ್ನು ಕಂಡರೆ ನಡುಗುತ್ತಿದ್ದರು. ಮನೆಯಲ್ಲಿ ಮಾತ್ರ ಅವಳು ಸದ್ದಿಲ್ಲದೆ ಓಡಾಡುತ್ತಿದ್ದಳು.

ಗೌರಿ ಹಬ್ಬಕ್ಕೋ ವರಮಹಾಲಕ್ಷ್ಮಿಗೋ ಬೀದಿಯ ಹೆಂಗಸರು ಬಂದರೆ, ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು ಅರಿಶಿನ ಕುಂಕುಮ, ಹೂವು ಕೊಡುತ್ತಿದ್ದಳು. ಆ ಹೊತ್ತಿಗೆ ಅತ್ತೆ ಹಿತ್ತಲಲ್ಲಿ ಇರುತ್ತಿದ್ದಳು. ಯಾರೂ ಹೋಗು ಎನ್ನುತ್ತಿರಲಿಲ್ಲ. ಹೇಳದೆಯೇ ಹೋಗುವಂತೆ ಮನೆ ಕಲಿಸಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆಗ ಬರಲಿಲ್ಲವಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಅಜ್ಜಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಎಲ್ಲ ತಪ್ಪೂ ಅವಳ ತಲೆಗೆ ಬೀಳುತ್ತದೆ. ಅದಕ್ಕೆ ಮೂರು ವರ್ಷದ ಹಿಂದೆ ತಾತ ಹೋದಾಗ ಅವಳೂ ಹೂವು, ಕುಂಕುಮ, ಬಣ್ಣದ ಸೀರೆ ಎಲ್ಲ ಬಿಟ್ಟಿದ್ದಳು. ಮಗಳಿಗೆ ಹಾಕಿದ ಕಟ್ಟನ್ನು ತಾನೂ ಪಾಲಿಸುತ್ತಿದ್ದುದರಿಂದ ಅವಳ ಬಾಯಿಗೆ ಎದುರಿರಲಿಲ್ಲ. 'ನಾನಿಲ್ವಾ?' ಅಂದುಬಿಟ್ಟರೆ ಮುಗಿಯಿತು.

ಇಂಥ ಮನೆಗೆ ಅತ್ತರು ಬಂದದ್ದು ಒಬ್ಬ ಗೆಳತಿಯಿಂದ. ಮಾಗಡಿ ರಸ್ತೆಯ ಆಚೆ ಬದಿಯಲ್ಲಿ ಆಕೆಯ ಮನೆ. ಗಂಡ ಕೊಲ್ಲಿ ದೇಶದಲ್ಲಿ ಎಸಿ ರಿಪೇರಿ ಕೆಲಸಕ್ಕಿದ್ದ. ಕಾಗದದ ಕವರಿನ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಟೈಪು ಮಾಡಿಸಲು ಆಕೆ ಅತ್ತೆಯ ಬಳಿ ಬರುತ್ತಿದ್ದಳು. ಆಮೇಲೆ ಹೆಗ್ಗನಹಳ್ಳಿ ಕಡೆ ಒಂದು ಸೈಟು ನೋಡಿ ಅದರ ಅರ್ಜಿ, ಪತ್ರ ಎಂದು ಬಂದಳು. ಆಮೇಲಾಮೇಲೆ ಟೈಪು ಮಾಡಿಸುವುದು ಏನೂ ಇಲ್ಲದಿದ್ದರೂ ಬರುತ್ತಿದ್ದಳು. ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವಳು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು, ಮಾತಿನಲ್ಲಿ ಗಟ್ಟಿಗಿತ್ತಿ.

ಒಂದು ಸಲ ಗಂಡ ರಜಕ್ಕೆ ಬಂದು ಹೋದ ಮೇಲೆ, ಒಂದು ಭಾನುವಾರ ಅವಳು ಅತ್ತೆಯನ್ನು ಮನೆಗೆ ಕರೆದಳು. ಒಬ್ಬಳೇ ಹೋದರೆ ಎಲ್ಲಿಗೆ, ಯಾಕೆ ಎಂಬ ಪ್ರಶ್ನೆಗಳು ಏಳುತ್ತವೆಂದು ಅತ್ತೆ ನನ್ನನ್ನೂ ಕರೆದುಕೊಂಡಳು. ನನಗಾಗ ಹತ್ತೊಂಬತ್ತು, ಬಿ.ಎ. ಮೊದಲ ವರ್ಷ.

ಶಾವಿಗೆ ತಿಂದೆವು, ಚಹಾ ಕುಡಿದೆವು, ಗಂಡ ತಂದಿದ್ದ ಟೇಪ್ ರೆಕಾರ್ಡರ್ ನೋಡಿದೆವು. ಕೊನೆಗೆ ಆಕೆ ಒಂದು ಪುಟ್ಟ ಹಿತ್ತಾಳೆಯ ಧೂಪದ ಬಟ್ಟಲು ತಂದು, ಕೆಂಡದ ಮೇಲೆ ಕಪ್ಪನೆಯ ಚೂರೊಂದನ್ನು ಇಟ್ಟಳು. ಹೊಗೆ ಎದ್ದಿತು. ಸಾಂಬ್ರಾಣಿಯಲ್ಲ, ಆದರೆ ಅದರ ನೆಂಟಸ್ತಿಕೆಯ ಯಾವುದೋ ಒಂದು. ಅದು ಊದು ಎಂಬ ಪರಿಮಳದ ಮರದ ಚೂರಂತೆ. ಅರಬರ ಮನೆಯಲ್ಲಿ ಹೀಗೆ ಹೊಗೆ ಕೊಟ್ಟರೆಂದರೆ ನೆಂಟರು ಹೊರಡುವ ಹೊತ್ತಾಯಿತು ಎಂದು ಅರ್ಥವಂತೆ. ಬಂದವರು ಬರಿಮೈಯಲ್ಲಿ ಹೋಗಬಾರದು, ಪರಿಮಳ ಹೊತ್ತುಕೊಂಡು ಹೋಗಬೇಕಂತೆ. ಗಂಡ ಅಲ್ಲಿ ನೋಡಿ ಬಂದದ್ದನ್ನು ಇವಳು ಇಲ್ಲಿ ಮಾಡುತ್ತಿದ್ದಳು.

"ಅಂದ್ರೆ ನಮ್ಮನ್ನ ಓಡಿಸ್ತಾ ಇದೀಯಾ ಅಂತಾಯ್ತು" ಎಂದು ಅತ್ತೆ ನಕ್ಕಳು.

"ಹೊಗೆ ಹಾಕದೆ ನೀವೆಲ್ಲಿ ಏಳ್ತೀರಕ್ಕಾ" ಎಂದು ಅವಳೂ ನಕ್ಕು, ಬಾಗಿಲ ಬಳಿ ಒಂದು ಸಣ್ಣ ಬಾಟಲಿ ತೆಗೆದಳು. ಹೆಬ್ಬೆರಳಿನಷ್ಟು ಎತ್ತರ, ಮೇಲೆ ಅರಬ್ಬಿ ಅಕ್ಷರ, ಒಳಗೆ ಜೇನಿನ ಬಣ್ಣದ ಎಣ್ಣೆ. ಮುಚ್ಚಳಕ್ಕೇ ಒಂದು ಗಾಜಿನ ಕಡ್ಡಿ ಅಂಟಿಕೊಂಡಿತ್ತು. ಅದನ್ನು ಅದ್ದಿ ಅತ್ತೆಯ ಕೈ ಹಿಡಿಯಲು ಹೋದಳು.

ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಂಗೆ ಬೇಡ. ಹುಡುಗಿಗೆ ಹಚ್ಚು."

"ದೊಡ್ಡೋರಿಗೆ ಮೊದ್ಲು. ಯಾಕಕ್ಕಾ, ಸೇರಲ್ವಾ?"

"ಸೇರೋ ಪ್ರಶ್ನೆ ಅಲ್ಲ. ನಿಂಗೊತ್ತಲ್ಲ, ನಮ್ಮಲ್ಲಿ ನಮ್ಮಂಥೋರು ಇದೆಲ್ಲ ಹಚ್ಕೊಳಲ್ಲ."

ಆಕೆ ಕಡ್ಡಿ ಹಿಡಿದುಕೊಂಡೇ ಹೇಳಿದಳು, "ನಮ್ಮಲ್ಲೂ ಹಚ್ಚಂಗಿಲ್ಲ ಅಕ್ಕಾ. ಗಂಡ ಹೋದ್ರೆ ಅತ್ತರ್ ಮುಟ್ಟಂಗಿಲ್ಲ, ಸಿಂಗಾರ ಮಾಡ್ಕೊಳಂಗಿಲ್ಲ. ನಾಕು ತಿಂಗಳು ಹತ್ತು ದಿನ. ಅದು ಮುಗಿದ್ಮೇಲೆ ಹಚ್ಕೋಬೋದು. ನಿಮ್ದು ಎಷ್ಟು ದಿನ ಆಯ್ತು?"

"ಹದಿನೇಳು ವರ್ಷ."

ಅತ್ತೆ ತಾನು ಹೇಳಿದ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ನಿಂತಳು. ಆಮೇಲೆ ಸೆರಗಿನಿಂದ ಕೈ ಹೊರಗೆ ತೆಗೆದು ಮುಂದೆ ಚಾಚಿದಳು. ಗೆಳತಿ ಕೈ ಹಿಂಭಾಗದಲ್ಲಿ ಒಂದು ಗೆರೆ ಎಳೆದು, ಹೆಬ್ಬೆರಳಿನಿಂದ ತಿಕ್ಕಿ, ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಅತ್ತೆಯ ಚೀಲಕ್ಕೆ ಹಾಕಿದಳು. ಬಾಗಿಲಲ್ಲಿ ನಿಲ್ಲಿಸಿ ಅತ್ತೆಗೆ ಯಾರಾದರೂ ಏನಾದರೂ ಹಚ್ಚಿ ಕಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸ್ಸು ನಡೆದು ಬರುವಾಗ ನಾನು ಅತ್ತೆಯ ಕೈ ಎಳೆದೆಳೆದು ಮೂಸಿದೆ. ಮೊದಲು ಬರುತ್ತಿದ್ದುದು ವೆನಿಲಾ, ಐಸ್‌ಕ್ರೀಂ ಅಂಗಡಿಯದೇ. ಸ್ವಲ್ಪ ದೂರ ನಡೆದರೆ ಅದರ ಹಿಂದಿನಿಂದ ಸುಟ್ಟ ಸಕ್ಕರೆ. ಮನೆ ಹತ್ತಿರವಾಗುವ ಹೊತ್ತಿಗೆ ಮರ, ಅಂಟು, ಹೊಗೆ, ಹಳೆಯ ಗಂಧದ ಪೆಟ್ಟಿಗೆಯ ಒಳಗು. ಸೆಂಟಿನಂತೆ ಹಾರಿಹೋಗುವ ಜಾತಿಯಲ್ಲ ಅದು. ಎಣ್ಣೆ, ಚರ್ಮಕ್ಕೆ ಕಚ್ಚಿಕೊಂಡು ಕೂರುತ್ತದೆ. ಅತ್ತೆ ಬೀದಿಯ ನಲ್ಲಿಯಲ್ಲಿ ಎರಡು ಸಲ ಕೈ ತೊಳೆದಳು. ಹೋಗಲಿಲ್ಲ.

ಒಳಗೆ ಕಾಲಿಟ್ಟ ತಕ್ಷಣ ಅಜ್ಜಿ ಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತಿದಳು. "ಏನೇ ಅದು ಘಮ್ ಅಂತಿದೆ?"

ಆಗ ಬೀದಿಗೊಬ್ಬರು ಆಂಟಿ ಮನೆಯಲ್ಲೇ ಕೇಕ್ ಕ್ಲಾಸು ನಡೆಸುತ್ತಿದ್ದ ಕಾಲ. ನಾನೂ ವಾರಕ್ಕೊಂದು ದಿನ ಹೋಗಿ, ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಬೇಯಿಸುವುದನ್ನು ಕಲಿಯುತ್ತಿದ್ದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಎಸೆನ್ಸ್ ಅಜ್ಜಿ. ಕೇಕಿಗೆ ಹಾಕೋದು. ತರೋವಾಗ ಅತ್ತೆ ಕೈ ಮೇಲೆ ಚೆಲ್ತು."

ಸುಳ್ಳು ಹೇಳಿದವಳಿಗೆ ಅದನ್ನು ಸಾಕುವ ಕಷ್ಟವೂ ಇರುತ್ತದೆ. ಅತ್ತೆ ಒಂದು ವಾರ ಬಾಟಲಿಯನ್ನು ಮುಟ್ಟಲಿಲ್ಲ. ಎಂಟನೆಯ ದಿನ ಇನ್‌ಸ್ಟಿಟ್ಯೂಟಿಗೆ ಹೊರಡುವ ಮುನ್ನ ಕೈಗಡಿಯಾರದ ಚರ್ಮದ ಪಟ್ಟಿಯ ಒಳಗೆ ಒಂದು ಚುಕ್ಕೆ ಹಚ್ಚಿಕೊಂಡಳು. ಚರ್ಮ ಅದನ್ನು ಕುಡಿದು ದಿನವಿಡೀ ಬಿಡುತ್ತ ಹೋಯಿತು. ಹಾಗಾಗಿ ಅಂದು ಸಂಜೆ ನಾನು ಕಸ್ಟರ್ಡ್ ಮಾಡಬೇಕಾಯಿತು. ಮುಂದಿನ ವಾರವೂ. ಅದರ ಮುಂದಿನ ವಾರ ಎರಡು ಸಲ. ಅತ್ತೆ ಹಚ್ಚಿಕೊಂಡ ದಿನವೆಲ್ಲ ನಮ್ಮ ಮನೆಯಲ್ಲಿ ಕಸ್ಟರ್ಡ್. ಅಪ್ಪ ಬಟ್ಟಲು ಮುಂದೆ ಬಂದಾಗ "ಇವತ್ತೂನಾ?" ಎನ್ನುತ್ತಿದ್ದರು. ಬಾಟಲಿ ಟ್ರಂಕಿನಲ್ಲಿದ್ದರೆ ಎಲ್ಲ ಸೀರೆಗೂ ವಾಸನೆ ಹಿಡಿಯುತ್ತದೆಂದು ಅದನ್ನು ಅಡುಗೆಮನೆಯ ಶೆಲ್ಫಿನಲ್ಲಿ ನನ್ನ ಪೈನಾಪಲ್, ರೋಸ್ ಎಸೆನ್ಸುಗಳ ಹಿಂದೆ ಇಟ್ಟೆವು. ಈ ಬುದ್ಧಿವಂತಿಕೆ ನನ್ನದೇ.

ಆ ಮೂರ್ನಾಲ್ಕು ತಿಂಗಳು ಅತ್ತೆ ಚೆನ್ನಾಗಿ ಕಂಡಳು. ಬಟ್ಟೆ ಅದೇ, ಜಡೆ ಅದೇ, ಬರಿಹಣೆ ಅದೇ. ಟೈಪು ಮಾಡಿದ ಹಾಳೆಗಳನ್ನು ತಿದ್ದುತ್ತ ಕೂತಾಗ ಆಗಾಗ ಎಡಗೈ ಮಣಿಕಟ್ಟನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಅಷ್ಟೇ. ನನ್ನ ಮೇಲೆ ಹಾಸ್ಯ ಮಾಡುತ್ತಿದ್ದಳು. ಅವಳಿಗೆ ಹಾಸ್ಯ ಬರುತ್ತದೆ ಎಂಬುದೇ ನನಗೆ ಹೊಸ ಸುದ್ದಿ. ನನಗೆ ಅವಳನ್ನು ಕಂಡರೆ ಖುಷಿ, ಅಜ್ಜಿಯ ಕೆಮ್ಮು ಕೇಳಿದರೆ ಭಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ.

ಆಗ ನನ್ನನ್ನು ನೋಡಲು ಒಂದು ಗಂಡು ಬಂತು. ಓದು ಮುಗಿಯಲಿ ಎಂದು ನಾನು ಎಷ್ಟು ಹಾರಾಡಿದರೂ, "ನೋಡ್ಕೊಂಡು ಹೋಗ್ಲಿ, ಏನ್ ಗಂಟು ಹೋಗತ್ತೆ" ಎಂದು ಅಮ್ಮ ಒಪ್ಪಿಬಿಟ್ಟಿದ್ದಳು. ಗಂಡು, ಅವರ ತಾಯಿ, ಸೋದರಮಾವ. ಉಪ್ಪಿಟ್ಟು, ಕೇಸರಿಬಾತು, ಕಾಫಿ. ನಾನು ಒಳಕೋಣೆಯಲ್ಲಿ ಸೀರೆ ಉಡುತ್ತಿದ್ದೆ. ಇಂಥ ಕೆಲಸಕ್ಕೆ ಎದುರು ಬರಬಾರದೆಂದು ಅತ್ತೆ ಎಂದಿನಂತೆ ಹಿತ್ತಲಿಗೆ ಹೋಗಿದ್ದಳು. ಒಲೆಯ ಮುಂದೆ ಅಮ್ಮ ಒಬ್ಬಳೇ. ಕೇಸರಿಬಾತಿಗೆ ಪೈನಾಪಲ್ ಹಾಕೋಣವೆಂದು ಶೆಲ್ಫಿಗೆ ಕೈ ಹಾಕಿ, ಬಾಟಲಿ ಖಾಲಿಯಾದದ್ದನ್ನು ನೋಡಿ, ಅದರ ಹಿಂದಿದ್ದ 'ಕೇಕಿನ ಎಸೆನ್ಸ್' ತೆಗೆದು, ಶುಭ ಕಾರ್ಯಕ್ಕೆ ಕೈ ಬಿಗಿಹಿಡಿಯುವುದೇಕೆ ಎಂದು ಏಳೆಂಟು ಹನಿ ಹಾಕಿದ್ದಳು.

ಬಿಸಿ ತುಪ್ಪದಲ್ಲಿ ಅತ್ತರು ಅರಳಿತು. ನಾನು ಕಾಫಿ ತಟ್ಟೆ ಹಿಡಿದು ಹಾಲಿಗೆ ಬರುವಷ್ಟರಲ್ಲಿ ಮನೆಯೇ ಗಮಗಮ.

ಗಂಡಿನ ತಾಯಿ ಒಂದು ಚಮಚ ಬಾಯಿಗಿಟ್ಟು ನಿಂತುಬಿಟ್ಟರು. "ಏನ್ರೀ ಹಾಕಿದೀರಾ ಇದಕ್ಕೆ?"

"ಎಸೆನ್ಸ್ ರೀ. ನಮ್ಮ ಹುಡುಗಿ ಕೇಕ್ ಕ್ಲಾಸಿಗೆ ಹೋಗ್ತಾಳೆ. ಅವಳೇ ತಂದಿದ್ದು."

"ಎಸೆನ್ಸ್ ಹಿಂಗಿರತ್ತಾ? ಸೋಪು ತಿಂದಂಗಿದೆ. ಎಲ್ಲಿ, ಬಾಟ್ಲು ತೋರ್ಸಿ."

ಅಮ್ಮ ಬಾಟಲಿ ತಂದಳು. ಸೋದರಮಾವ ಅದನ್ನು ಬೆಳಕಿಗೆ ಹಿಡಿದು ಅರಬ್ಬಿ ಅಕ್ಷರ ನೋಡಿದರು, ನನ್ನನ್ನು ನೋಡಿದರು. "ಎಲ್ಲಿ ತಂದ್ಯಮ್ಮಾ ಇದನ್ನ?" ಅಜ್ಜಿ ಕುರ್ಚಿಯಿಂದ ಮುಂದೆ ಬಾಗಿದಳು. ನಾನು ತಲೆ ತಗ್ಗಿಸಿದೆ. ಅದಕ್ಕೆ ಯಾರೂ ಅನುಮಾನಪಡಲಿಲ್ಲ. ಅಂದು ನನ್ನ ಕೆಲಸವೇ ತಲೆ ತಗ್ಗಿಸುವುದಾಗಿತ್ತು. ನನ್ನದೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಲ್ಲಿಂದಲೋ ತಂದೆ, ಗೊತ್ತಾಗಲಿಲ್ಲ, ತಪ್ಪಾಯಿತು ಎಂದಿದ್ದರೆ ನನಗೊಂದಿಷ್ಟು ಬೈಗುಳ ಬಿದ್ದು ಮುಗಿಯುತ್ತಿತ್ತು, ಅತ್ತೆಯ ಬಾಟಲಿ ಉಳಿಯುತ್ತಿತ್ತು. ನನಗೆ ಬಾಯಿ ಬರಲಿಲ್ಲ. ಹೆದರಿಬಿಟ್ಟೆ.

ಅಡುಗೆಮನೆಯ ಬಾಗಿಲಿಂದ ಅತ್ತೆ ಹಾಲಿಗೆ ಬಂದಳು. ಶುಭ ಕಾರ್ಯಕ್ಕೆ ಬಂದವರ ಮುಂದೆ ಅವಳು ಹಾಗೆ ಬಂದದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಕೈಯಲ್ಲಿ ಇನ್ನೂ ಹಿತ್ತಲಿನ ನೀರು.

"ಅದು ಎಸೆನ್ಸ್ ಅಲ್ಲ, ಅತ್ತರು. ಹಚ್ಕೊಳೋದು, ತಿನ್ನೋದಲ್ಲ. ದಯವಿಟ್ಟು ಬಿಟ್ಬಿಡಿ. ಮಗು ತಂದಿದ್ದಲ್ಲ, ನಂದು."

ಗಂಡಿನ ತಾಯಿ ಅವಳ ಹಣೆ ನೋಡಿದರು, ಕೊರಳು ನೋಡಿದರು. "ಯಾರು ಹಚ್ಕೊಳೋದು?"

"ನಾನು" ಎಂದಳು ಅತ್ತೆ.

ಸೋದರಮಾವ ತಟ್ಟೆ ಕೆಳಗಿಟ್ಟರು. ಗಂಡು ತನ್ನ ತಟ್ಟೆ ನೋಡಿಕೊಂಡು, "ನಂದು ಆಗ್ಲೇ ಮುಗೀತಲ್ಲ" ಎಂದ. ನಿಜವಾಗಿಯೂ ಒಂದು ಚೂರೂ ಉಳಿಸಿರಲಿಲ್ಲ. ಆಮೇಲೆ ಮೂರು ಲೋಟ ನೀರು ಕುಡಿದ.

ಅವರು ಹೋದ ಮೇಲೆ ಅಜ್ಜಿ ಕೂಗಾಡಲಿಲ್ಲ. ಅದೇ ಹೆದರಿಕೆ. ಬಾಟಲಿ ಅವಳ ಮುಷ್ಟಿಯಲ್ಲಿತ್ತು.

"ನಾನಿಲ್ವೇನೇ? ಒಂದು ದಿನ ಒಂದು ಹೂವು ಕೇಳಿದೀನಾ?"

"ನೀನು ನಲವತ್ತು ವರ್ಷ ಮುಡಿದು ಬಿಟ್ಟೆ ಕಣಮ್ಮಾ" ಎಂದಳು ಅತ್ತೆ. "ನಾನು ಹದಿನಾಲ್ಕು ತಿಂಗಳು."

ಅಜ್ಜಿ ಬಾಟಲಿ ಹಿಡಿದ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅವರಲ್ಲಿ ನಾಕು ತಿಂಗಳು ಹತ್ತು ದಿನ ಅಂತೆ. ನಮ್ಮಲ್ಲಿ ಎಷ್ಟು? ಅದನ್ನಾದ್ರೂ ಹೇಳು. ಎಣಿಸ್ಕೊಂಡು ಕೂತಿರ್ತೀನಿ."

ಅಜ್ಜಿ ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಟಲಿಯನ್ನು ಬೋರಲು ಹಾಕಿ, ಕೊನೆಯ ಹನಿಯವರೆಗೂ ಕೊಡವಿದಳು. ಅತ್ತೆ ತಡೆಯಲಿಲ್ಲ. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ.

ಬೇರೆಲ್ಲಿ ಚೆಲ್ಲಿದ್ದರೂ ಆಗುತ್ತಿತ್ತು. ಮೋರಿ ಇತ್ತು, ಕಸದ ಗುಂಡಿ ಇತ್ತು. ಒರಟು ಕಲ್ಲು ಎಣ್ಣೆಯನ್ನು ಹೀರಿಕೊಂಡಿತು. ಮಾರನೆಯ ದಿನ ಅದರ ಮೇಲೆ ಒಗೆದ ಅಪ್ಪನ ಪ್ಯಾಂಟು ವೆನಿಲಾ. ಹಾಸಿಗೆ ಹೊದಿಕೆ ವೆನಿಲಾ, ಅಡುಗೆಮನೆಯ ಮಸಿಬಟ್ಟೆ ವೆನಿಲಾ. ಅಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಕುದಿಯುವ ನೀರು ಸುರಿದಳು. ಬಿಸಿನೀರಿಗೆ ಇನ್ನಷ್ಟು ಎದ್ದಿತು. ಆಫೀಸಿನಲ್ಲಿ ಅಪ್ಪನನ್ನು ಎಲ್ಲರೂ ಮೂಸಿ ನೋಡಿದರಂತೆ. "ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು" ಎಂದು ಅಪ್ಪ ಅಜ್ಜಿಗೆ ಕೇಳಿಸುವ ಹಾಗೆ ಗೋಡೆಗೆ ಹೇಳಿದರು. ಅತ್ತೆಗೊಬ್ಬಳಿಗೆ ಬೇಡ ಎಂದದ್ದು ಮನೆಮಂದಿಗೆಲ್ಲ ಹತ್ತಿತು.

ಅಜ್ಜಿ ತನ್ನ ಸೀರೆಯನ್ನು ತಾನೇ ಒಗೆದುಕೊಳ್ಳುತ್ತಿದ್ದಳು. ಮೊದಲ ಎರಡು ವಾರ ಕಲ್ಲಿನ ಹತ್ತಿರ ಸುಳಿಯದೆ ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಒಂದು ದಿನ ನಾನು ಕಾಲೇಜಿಂದ ಬಂದಾಗ ಬಕೆಟ್ಟು ಪಕ್ಕದಲ್ಲೇ ಇದ್ದರೂ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ನಾನು ನೋಡಿದ್ದನ್ನು ನೋಡಿ, "ಉಜ್ಜಿ ಉಜ್ಜಿ ಸವೆಸ್ತಾ ಇದೀನಿ. ಇಲ್ದಿದ್ರೆ ಹೋಗಲ್ಲ ಅದು" ಎಂದಳು. ಇರಬಹುದು. ಅಜ್ಜಿಯ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಅವಳು ಪಕ್ಕದಲ್ಲಿ ಮಲಗಿದರೆ ಆ ಮಳೆಗಾಲವೆಲ್ಲ ನನಗೆ ವೆನಿಲಾ ವಾಸನೆ ಬರುತ್ತಿತ್ತು ಎಂಬುದಷ್ಟೇ ನನಗೆ ಗೊತ್ತು.

ಕಲ್ಲಿನ ವಾಸನೆ ಪೂರ್ತಿ ಹೋಗುವ ಮೊದಲೇ ಅತ್ತೆ ಗೆಳತಿಯ ಮನೆಗೆ ಹೋಗಿ ಬಂದಳು, ಈ ಸಲ ನನ್ನನ್ನು ಕರೆಯದೆ. ಬಂದವಳೇ ಚೀಲದಿಂದ ಹೊಸ ಬಾಟಲಿ ತೆಗೆದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಅಮ್ಮನ ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟಳು. ಟ್ರಂಕಿನಿಂದ ಬಾಚಣಿಗೆಯನ್ನೂ ತಂದು ಅಲ್ಲೇ ಇಟ್ಟಳು. ಅಜ್ಜಿ ನೋಡಿದಳು. ಬತ್ತಿ ಹೊಸೆಯುವುದನ್ನು ಮುಂದುವರಿಸಿದಳು. ನಮ್ಮ ಮನೆಯಲ್ಲಿ ಕಸ್ಟರ್ಡ್ ಮಾಡುವುದು ಅಂದಿಗೆ ನಿಂತಿತು.

ಕೇಸರಿಬಾತು ತಿಂದ ಗಂಡನ್ನೇ ನಾನು ಓದು ಮುಗಿಸಿ ಮದುವೆಯಾದೆ. ಅವರ ತಾಯಿಯನ್ನು ಒಪ್ಪಿಸಲು ಒಂದೂವರೆ ವರ್ಷ ಹಿಡಿಯಿತು. "ಹೊಟ್ಟೆ ಕೆಟ್ಟಿದ್ದು ಎರಡು ದಿನ, ತಲೆ ಕೆಟ್ಟಿದ್ದು ಜೀವನ ಪೂರ್ತಿ" ಎಂದು ನನ್ನ ಗಂಡ ಮೂವತ್ತೆಂಟು ವರ್ಷ ನನ್ನನ್ನು ರೇಗಿಸಿದರು. ಕಳೆದ ವರ್ಷ ತೀರಿಕೊಂಡರು.

ಈಗ ಯಾರೂ ಏನೂ ಬೇಡ ಅನ್ನುವುದಿಲ್ಲ. ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೇ ಸರಿಯಾಗಿ ಗೊತ್ತಿಲ್ಲ, ಇನ್ನು ಕಟ್ಟು ಹಾಕುವವರು ಎಲ್ಲಿಂದ ಬರಬೇಕು. "ನಿನಗಿಷ್ಟ ಬಂದ ಹಾಗೆ ಇರು" ಎಂದಳು ಮಗಳು. ಆದರೂ ಹದಿಮೂರನೆಯ ದಿನ ಕಳೆದ ಮೇಲೆ ನೋಡಿದರೆ, ಕನ್ನಡಿಯ ಮುಂದಿದ್ದ ನನ್ನ ಸೆಂಟಿನ ಬಾಟಲಿಗಳೆಲ್ಲ ಬೀರುವಿನ ಹಿಂದಿನ ಮೂಲೆಯಲ್ಲಿದ್ದವು. ಇಟ್ಟವಳು ನಾನೇ. ಯಾವಾಗ ಇಟ್ಟೆ ಎಂಬುದು ನೆನಪಿಲ್ಲ. ವಿಜಯನಗರದ ಮನೆ ಹೇಳದೆಯೇ ಕಲಿಸಿದ ಪಾಠ ನನ್ನೊಳಗೆ ಅಚ್ಚಳಿಯದೆ ಇತ್ತು. ಅದು ತಿಳಿದಾಗ ನನಗೆ ನಾಚಿಕೆಯಾಯಿತು. ಬಾಟಲಿಗಳನ್ನು ಮಾತ್ರ ಅಲ್ಲಿಂದ ತೆಗೆಯಲಾಗಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಫೋನು ಮಾಡಿದಳು. ಅವಳಿಗೀಗ ಎಂಬತ್ತರ ಹತ್ತಿರ. ಹಳೆಯ ಮನೆಯಲ್ಲೇ ನನ್ನ ತಮ್ಮನ ಸಂಸಾರದ ಜೊತೆಗಿದ್ದಾಳೆ, ಅವನ ಮಕ್ಕಳನ್ನು ಇಂದಿಗೂ ನಡುಗಿಸುತ್ತಾಳೆ.

"ಇವತ್ತಿಗೆ ಎಷ್ಟಾಯ್ತು ಗೊತ್ತೇನೇ?"

"ಏನು ಅತ್ತೆ?"

"ನಾಕು ತಿಂಗಳು ಹತ್ತು ದಿನ. ಎಣಿಸ್ತಾನೇ ಇದ್ದೆ. ಹೊರಟು ಬಾ."

ಮೆಟ್ರೋದಲ್ಲಿ ಹೋದೆ. ಅತ್ತೆ ಕನ್ನಡಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಗೆಳತಿ ಹೋಗಿ ಹತ್ತು ವರ್ಷವಾಯಿತು. ಬಾಟಲಿಯನ್ನು ಈಗ ಆಕೆಯ ಸೊಸೆ ಕಳಿಸಿಕೊಡುತ್ತಾಳೆ. ಅತ್ತೆ ಮುಚ್ಚಳ ತಿರುಗಿಸಿ ಕಡ್ಡಿ ಎತ್ತಿದಳು. ಅದೇ ವೆನಿಲಾ, ಅದೇ ಹೊಗೆ. ನಲವತ್ತು ವರ್ಷ ಹೇಳದೆ ಉಳಿದಿದ್ದ ಮಾತು ನನ್ನ ಬಾಯಿಂದ ಬಂದುಬಿಟ್ಟಿತು.

"ಅವತ್ತು ನಾನು ನಂದು ಅಂತ ಹೇಳ್ಬೇಕಿತ್ತು ಅತ್ತೆ. ಹೇಳ್ಲಿಲ್ಲ."

"ಗೊತ್ತು" ಎಂದಳು ಅತ್ತೆ. "ಕೈ ಕೊಡು."